ಹಿತ್ತಲ ಕಡೆಯಿಂದ ಮಲ್ಲೇಶ್ವರ

ಮಲ್ಲೇಶ್ವರದ ಹಳೆಯ ಕ್ರಯಪತ್ರ ಕೈಗೆ ಸಿಕ್ಕರೆ ಕೊನೆಯ ಪುಟಕ್ಕೆ ಹೋಗಿ ಚೆಕ್ಕುಬಂದಿ ಓದಿ. ಪೂರ್ವಕ್ಕೆ ರಸ್ತೆ, ಉತ್ತರಕ್ಕೆ ಇಂಥವರ ಸ್ವತ್ತು, ದಕ್ಷಿಣಕ್ಕೆ ಇನ್ನೊಬ್ಬರ ಸೈಟು, ಪಶ್ಚಿಮಕ್ಕೆ ‘ಕನ್ಸರ್ವೆನ್ಸಿ’, ಅಂದರೆ ಮನೆಗಳ ಬೆನ್ನಿಗಿರುವ ಓಣಿ. ದಿಕ್ಕು ಮನೆಯಿಂದ ಮನೆಗೆ ಬದಲಾಗಬಹುದು, ಆ ಪದ ಮಾತ್ರ ಸಾಲುಸಾಲು ಪತ್ರಗಳಲ್ಲಿ ಬರುತ್ತದೆ. ಬ್ಯಾಂಕಿನ ವಕೀಲರು ಅದರ ಮೇಲೆ ಕಣ್ಣಾಡಿಸಿ ಮುಂದೆ ಹೋಗುತ್ತಾರೆ. ಆದರೆ ಈ ಬಡಾವಣೆ ಹೀಗೇಕೆ ಇದೆ, ಸೈಟುಗಳು ಅಷ್ಟು ಉದ್ದವೇಕೆ, ಹಳೆಯ ಮನೆಗಳಲ್ಲಿ ಕಕ್ಕಸು ಅಷ್ಟು ದೂರವೇಕೆ, ಇವತ್ತು ಮ್ಯಾನ್‌ಹೋಲ್ ಉಕ್ಕುವುದೇಕೆ ಎಂಬುದಕ್ಕೆಲ್ಲ ಉತ್ತರ ಆ ಓಣಿಯಲ್ಲಿದೆ.

ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ, ಎಂಟನೇ ಕ್ರಾಸಿನ ಹೂವಿನಂಗಡಿ, ಬೆಣ್ಣೆ ಮಸಾಲೆ ಇವುಗಳ ಬಗ್ಗೆ ಬರೆದವರು ಬಹಳ. ಮುಂಬಾಗಿಲಿನ ಮಲ್ಲೇಶ್ವರ ಅದು. ಹಿಂಬಾಗಿಲಿನದು ಬೇರೆಯೇ ಇದೆ. (ಹೆಸರಿನ ತಕರಾರು ಇಲ್ಲೇ ಮುಗಿಸಿಬಿಡೋಣ: ಕಂಡಕ್ಟರ್ ಕೂಗುವುದು ‘ಮಲ್ಲೇಶ್ವರಂ’, ದೇವರ ಹೆಸರು ಮಲ್ಲೇಶ್ವರ. ಎರಡೂ ನಡೆಯುತ್ತದೆ.)

ಮೊದಲು ಪ್ಲೇಗಿನ ವಿಷಯ. 1898ರಲ್ಲಿ ಪ್ಲೇಗ್ ಬಂತು, ಅದಕ್ಕೇ ಮಲ್ಲೇಶ್ವರ, ಬಸವನಗುಡಿ ಕಟ್ಟಿದರು ಅಂತ ಎಲ್ಲರೂ ಹೇಳುವುದುಂಟು. ಅರ್ಧ ನಿಜ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1892ರ ಹೊತ್ತಿಗೇ ಈ ಎರಡು ಎಕ್ಸ್‌ಟೆನ್ಷನ್‌ಗಳ ಯೋಚನೆ ಕಾಗದದ ಮೇಲಿತ್ತು. ಬಸವನಗುಡಿಗೆ 440 ಎಕರೆ, ಮಲ್ಲೇಶ್ವರಕ್ಕೆ 291 ಎಕರೆ. ಚಾಮರಾಜಪೇಟೆಯೂ ಅದೇ ಕಾಲದ್ದು. ಪೇಟೆ ಅಷ್ಟು ಹೊತ್ತಿಗೆ ತುಂಬಿ ತುಳುಕುತ್ತಿತ್ತು. ಆದರೆ ಸೈಟು ಗುರುತು ಮಾಡಿದ ಮಾತ್ರಕ್ಕೆ ಜನ ಹೋಗುತ್ತಾರೆಯೇ? ಚಿಕ್ಕಪೇಟೆಯಲ್ಲಿ ಅಂಗಡಿ, ಅದರ ಮೇಲೆ ಮನೆ ಇದ್ದವನಿಗೆ ಮೂರು ಕಿಲೋಮೀಟರ್ ಆಚೆಯ ಬಯಲು ಕಾಡಿನ ಸಮಾನ. ಕಾಡು ಮಲ್ಲೇಶ್ವರ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ.

1898ರ ಆಗಸ್ಟಿನಲ್ಲಿ ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ರೋಗ ಬಂದಿಳಿಯಿತು. ಆಗ ರಾಜ್ಯ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ರೀಜೆನ್ಸಿಯಲ್ಲಿತ್ತು. ಪ್ಲೇಗ್ ಕಮಿಷನರ್ ಆಗಿ ವಿ.ಪಿ. ಮಾಧವರಾವ್ ಬಂದರು, ಇವರೇ ಮುಂದೆ ದಿವಾನರಾದರು. ಮನೆ ಖಾಲಿ ಮಾಡಿಸುವುದು, ಊರಾಚೆ ಗುಡಿಸಲು ಹಾಕಿಸುವುದು, ಹೆಂಚು ಇಳಿಸಿ ಮನೆಯೊಳಗೆ ಬಿಸಿಲು ಬೀಳುವಂತೆ ಮಾಡುವುದು, ಇವು ಆ ಕಾಲದ ಕ್ರಮಗಳು. ನಕ್ಷೆಯಲ್ಲಿದ್ದ ಬಡಾವಣೆಗೆ ಜನರನ್ನು ತಂದದ್ದು ಪ್ಲೇಗಿನ ಭಯ, ಅಷ್ಟೇ. ನಕ್ಷೆಯನ್ನು ಬರೆದದ್ದು ಅದಕ್ಕೂ ಹಳೆಯ ಇನ್ನೊಂದು ಭಯ: ಕೆಟ್ಟ ಗಾಳಿ, ಕೆಟ್ಟ ನೀರು, ಕೊಳಕು.

ಇಲ್ಲೊಂದು ತಮಾಷೆಯಿದೆ. ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗ್ ಹರಡುತ್ತದೆ ಎಂಬುದನ್ನು ವಿಜ್ಞಾನಲೋಕ ಒಪ್ಪಿಕೊಳ್ಳಲು ಇನ್ನೂ ಕೆಲವು ವರ್ಷ ಬೇಕಾಯಿತು. ಎಂಜಿನಿಯರುಗಳು ಗಾಳಿ ಬೆಳಕಿಗಾಗಿ ಮನೆಗಳನ್ನು ದೂರ ದೂರ ಇಟ್ಟರು. ಕಾರಣ ತಪ್ಪಿತ್ತು, ಆದರೂ ಕೆಲಸವಾಯಿತು. ತರಗುಪೇಟೆ, ಅಕ್ಕಿಪೇಟೆಯಂಥ ಕಡೆ ದವಸದ ಮಂಡಿಯೂ ಮನೆಯೂ ಒಂದೇ ಗೋಡೆಗೆ ಅಂಟಿಕೊಂಡಿದ್ದವು, ಇಲಿಗೆ ಅದಕ್ಕಿಂತ ಅರಮನೆ ಬೇಡ. ಹೊಸ ಬಡಾವಣೆಯಲ್ಲಿ ಮಂಡಿ ಇರಲಿಲ್ಲ, ಮನೆಗೂ ಮನೆಗೂ ನಡುವೆ ಜಾಗ ಇತ್ತು.

ಬಯಲು ಅಂದೆವಲ್ಲ, ಅದು ಬರಿಯ ಬಯಲೂ ಆಗಿರಲಿಲ್ಲ. ಕಾಡು ಮಲ್ಲೇಶ್ವರ ದೇವಸ್ಥಾನದ 1669ರ ಶಾಸನದಲ್ಲಿ ಶಿವಾಜಿಯ ಸಹೋದರ ಏಕೋಜಿ ಮಲ್ಲಪುರದ ದೇವರಿಗೆ ಮೇದರನಿಂಗನಹಳ್ಳಿಯನ್ನು ಬಿಟ್ಟುಕೊಟ್ಟ ವಿವರ ಇದೆ. ಆ ದೇವಸ್ಥಾನದ ಎದುರಿಗೇ ಮಣ್ಣಿನಡಿ ಒಂದು ಕಲ್ಯಾಣಿ ಹೂತುಹೋಗಿತ್ತು. ನಂದಿಯ ಬಾಯಿಂದ ನೀರು ಬಿದ್ದು ಕೆಳಗಿನ ಶಿವಲಿಂಗದ ಮೇಲೆ ಹರಿಯುವ ನಂದಿತೀರ್ಥ ಅದು. 1997ರಲ್ಲಿ ಆ ಖಾಲಿ ಜಾಗವನ್ನು ಅಗೆದಾಗ ಹೊರಬಂತು. ಸೈಟು ಅಳೆದವರ ಚೈನಿಗೆ ಸಿಗದ ಊರು ಅದು. ವೃಷಭಾವತಿಯ ಒಂದು ಕವಲು ಹುಟ್ಟುವುದೂ ಈ ಕಡೆಯೇ, ಇನ್ನೊಂದು ಬಸವನಗುಡಿಯಲ್ಲಿ. ಎರಡೂ ಬಡಾವಣೆಗಳನ್ನು ದಿಣ್ಣೆಯ ಮೇಲೆ ಆರಿಸಿದ್ದು ಜಾಣತನವೇ. ಬಿದ್ದ ನೀರು ತಾನಾಗಿ ಇಳಿದುಹೋಗುತ್ತದೆ. ಇಳಿದು ಎಲ್ಲಿಗೆ ಹೋಯಿತು ಎಂಬುದನ್ನು ಕೆಳಗಿನವರನ್ನು ಕೇಳಬೇಕು.

ಈಗ ನಕ್ಷೆಗೆ ಬರೋಣ. ಉದ್ದಕ್ಕೆ ಮೇನ್‌ಗಳು, ಅಡ್ಡಕ್ಕೆ ಕ್ರಾಸ್‌ಗಳು. ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ವಿಳಾಸ ಹೇಳುವ ಈ ಕ್ರಮ ಇಂಥ ಎಕ್ಸ್‌ಟೆನ್ಷನ್‌ಗಳ ಬಳುವಳಿ. ಪೇಟೆಯಲ್ಲಿ ಬೀದಿಗೆ ಹೆಸರು ಕಸುಬಿನಿಂದ, ಸರಕಿನಿಂದ ಬಂತು, ಇಲ್ಲಿ ಅಂಕಿಯಿಂದ. ಕೆಲವಕ್ಕೆ ಮಾತ್ರ ಮರದ ಹೆಸರು. ಮಾರ್ಗೋಸಾ ಅಂದರೆ ಬೇವು. ಸಂಪಿಗೆ ಕನ್ನಡದಲ್ಲೇ ಉಳಿದು ಬೇವು ಇಂಗ್ಲಿಷಿಗೆ ಹೋದದ್ದು ಯಾಕೋ ಆ ಬೋರ್ಡು ಬರೆದವರಿಗೇ ಗೊತ್ತು. ಮಲ್ಲೇಶ್ವರವನ್ನು ಎಂಟು ಬ್ಲಾಕ್ ಮಾಡಿ, ಯಾವ ಸಮುದಾಯಕ್ಕೆ ಯಾವ ಬ್ಲಾಕ್ ಎಂದು ಹಂಚುವ ಯೋಜನೆಯೂ ಇತ್ತು. ಬೀದಿ ಹೊಸದು, ಕೇರಿ ಹಳೆಯದೇ.

ಎರಡು ರಸ್ತೆಗಳ ನಡುವೆ ಬೆನ್ನಿಗೆ ಬೆನ್ನು ಕೊಟ್ಟ ಎರಡು ಸಾಲು ಸೈಟು. ಆ ಎರಡು ಬೆನ್ನುಗಳ ನಡುವೆ ಒಂದು ಓಣಿ. ಒಂದು ತಳ್ಳುಗಾಡಿ ಸಲೀಸಾಗಿ ಹೋಗುತ್ತದೆ, ಎದುರಿಗೆ ಇನ್ನೊಂದು ಬಂದರೆ ಕಷ್ಟ. ಅದೇ ಕನ್ಸರ್ವೆನ್ಸಿ ಓಣಿ. ಯಾವ ಮನೆಯ ಮುಂಬಾಗಿಲೂ ಅದಕ್ಕೆ ತೆರೆಯುತ್ತಿರಲಿಲ್ಲ. ಬೀದಿದೀಪ, ಮರ, ಹೆಸರು ಯಾವುದೂ ಅದಕ್ಕಿಲ್ಲ.

ಒಂದು ಹಳೆಯ ಮನೆಯನ್ನು ಮುಂದಿನಿಂದ ಹಿಂದಕ್ಕೆ ನಡೆದು ನೋಡಿ. ಕಬ್ಬಿಣದ ಗೇಟು, ಪಾರಿಜಾತವೋ ದಾಸವಾಳವೋ ಇರುವ ಸಣ್ಣ ಕೈತೋಟ, ಎರಡು ಮೆಟ್ಟಿಲು, ಜಗಲಿ. ಕಿಟಕಿಯ ಮೇಲೆ ಮರದ ಪಟ್ಟಿಗಳನ್ನು ಜೋಡಿಸಿದ ಚೂಪು ಛಾವಣಿ, ಜನ ಅದನ್ನು ಮಂಕಿ ಟಾಪ್ ಅನ್ನುತ್ತಾರೆ. ಆಮೇಲೆ ಹಾಲು, ಎರಡು ಕಡೆ ಕೋಣೆ, ಊಟದ ಮನೆ, ಅಡುಗೆಮನೆ, ದೇವರಮನೆ. ಹಿಂಬಾಗಿಲು ದಾಟಿದರೆ ಹಿತ್ತಲು. ಅಲ್ಲಿ ಬಾವಿ, ಬಟ್ಟೆ ಒಗೆಯುವ ಕಲ್ಲು, ತಾಮ್ರದ ಹಂಡೆಯ ಬಚ್ಚಲುಮನೆ, ಸೌದೆ ಕೊಟ್ಟಿಗೆ, ತೆಂಗಿನ ಮರ. ಎಲ್ಲ ಮುಗಿದ ಮೇಲೆ, ಹಿಂದಿನ ಕಾಂಪೌಂಡಿಗೆ ಅಂಟಿಕೊಂಡು ಕಕ್ಕಸು.

ಆ ಕಕ್ಕಸಿನ ರಚನೆ ಗೊತ್ತಿಲ್ಲದೆ ಈ ಬಡಾವಣೆಯ ನಕ್ಷೆ ಅರ್ಥವಾಗುವುದಿಲ್ಲ. ನೆಲದಿಂದ ಎರಡು ಮೂರು ಮೆಟ್ಟಿಲು ಎತ್ತರದ ಕಟ್ಟೆ, ಅದರಲ್ಲಿ ಒಂದು ತೂತು, ಎರಡು ಪಕ್ಕ ಕಾಲಿಡಲು ಕಲ್ಲು. ತೂತಿನ ಕೆಳಗೆ ತಗಡಿನ ಡಬ್ಬ ಅಥವಾ ಬುಟ್ಟಿ. ಓಣಿಯ ಕಡೆಯ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಸಣ್ಣ ಕಿಂಡಿ, ಅದಕ್ಕೊಂದು ಕಬ್ಬಿಣದ ಮುಚ್ಚಳ. ಬೆಳಗಿನ ಜಾವ ಜಾಡಮಾಲಿ ಓಣಿಯಲ್ಲಿ ಬಂದು, ಕಿಂಡಿ ತೆರೆದು, ಡಬ್ಬ ಎಳೆದು, ತಲೆಯ ಮೇಲಿನ ಬುಟ್ಟಿಗೋ ಗಾಡಿಗೋ ಸುರಿದುಕೊಂಡು ಮುಂದಿನ ಮನೆಗೆ. ಮನೆಯವರಿಗೆ ಅವರ ಮುಖ ಕಾಣಿಸಬಾರದು, ಅವರಿಗೆ ಮನೆಯ ಒಳಗು ಕಾಣಿಸಬಾರದು. ಓಣಿಯ ಅಗಲ, ಸೈಟಿನ ಉದ್ದ, ಕಕ್ಕಸಿನ ದೂರ ಎಲ್ಲವನ್ನೂ ನಿರ್ಧರಿಸಿದ್ದು ಈ ಲೆಕ್ಕ. ಗಾಳಿ ಬೆಳಕಿನ ಶಾಸ್ತ್ರವೂ ಮಡಿ ಮೈಲಿಗೆಯ ಶಾಸ್ತ್ರವೂ ಇಲ್ಲಿ ಒಂದೇ ನಕ್ಷೆಗೆ ಸಹಿ ಹಾಕಿದವು. ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಷೇಧಿಸಿದ್ದು 1970ರ ದಶಕದಲ್ಲಿ, ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ. ಅಂದರೆ ವಿದ್ಯುತ್ ದೀಪ ಬಂದ 1905ರಿಂದ ಲೆಕ್ಕ ಹಾಕಿದರೂ ಆರು ದಶಕ ದಾಟಿದ ಮೇಲೆ.

ಹಳೆಯ ಕಾಂಪೌಂಡು ಉಳಿದಿರುವ ಕಡೆ ಓಣಿಯಲ್ಲಿ ನಡೆದು ಗೋಡೆಯ ಬುಡ ನೋಡಿ. ಸುತ್ತಲೂ ಗಾರೆಯ ಗೋಡೆ, ನಡುವೆ ಒಂದು ಚೌಕದಲ್ಲಿ ಮಾತ್ರ ಬೇರೆ ಬಣ್ಣದ ಇಟ್ಟಿಗೆ, ಸಿಮೆಂಟು ಕಂಡರೆ ಅದು ಮುಚ್ಚಿದ ಕಿಂಡಿ.

ನೀರಿನ ಕಥೆ ಇದಕ್ಕೆ ಹೊಂದಿಕೊಂಡೇ ಇದೆ. ಒಂದೇ ಹಿತ್ತಲಲ್ಲಿ ಬಾವಿಯೂ ಕಕ್ಕಸೂ ಇದ್ದರೆ, ಎಷ್ಟೇ ದೂರ ಇಟ್ಟರೂ, ಡಬ್ಬ ತುಂಬಿ ಚೆಲ್ಲಿದ ದಿನ ಮಳೆ ಬಂದರೆ ಕೇಳುವವರಿಲ್ಲ. ಹೀಗಾಗಿ ನಲ್ಲಿ ನೀರು ಅನುಕೂಲಕ್ಕಷ್ಟೇ ಅಲ್ಲ, ಜೀವ ಉಳಿಸಿಕೊಳ್ಳಲೂ ಬೇಕಿತ್ತು. ಅರ್ಕಾವತಿಯ ಹೆಸರುಘಟ್ಟ ಕೆರೆಯ ನೀರು 1896ರಲ್ಲಿ ಬೆಂಗಳೂರಿಗೆ ಬಂತು. ಸೋಲದೇವನಹಳ್ಳಿಯಿಂದ ಪಂಪ್ ಮಾಡಿದ ನೀರು ಬಂದು ಸೇರುತ್ತಿದ್ದ ಜ್ಯುವೆಲ್ ಫಿಲ್ಟರ್ ಇದ್ದದ್ದು ಮಲ್ಲೇಶ್ವರದಲ್ಲೇ. ಊರಿಗೆಲ್ಲ ಹೋಗುವ ನೀರು ಸೋಸುವ ಜಾಗ ಪಕ್ಕದಲ್ಲಿರುವುದು ಒಂದು ಬಡಾವಣೆಗೆ ಸಣ್ಣ ಭಾಗ್ಯವಲ್ಲ. 1925ರಲ್ಲಿ ಮಳೆ ಕೈಕೊಟ್ಟು ಹೆಸರುಘಟ್ಟ ಬತ್ತಿದಾಗ ಆ ಭಾಗ್ಯವೂ ಬತ್ತಿತು. 1933ಕ್ಕೆ ತಿಪ್ಪಗೊಂಡನಹಳ್ಳಿ ಜಲಾಶಯದ ನೀರು, 1974ಕ್ಕೆ ಕಾವೇರಿಯ ಮೊದಲ ಹಂತ, ಸುಮಾರು ನೂರು ಕಿಲೋಮೀಟರ್ ದೂರದಿಂದ. ಕಾವೇರಿ ಬಂದ ಮೇಲೆ ಬಾವಿಗಳ ಮೇಲೆ ಕಲ್ಲುಚಪ್ಪಡಿ ಬಿತ್ತು. ಕೆಲವರು ಕಟ್ಟಡದ ಅವಶೇಷ ಸುರಿದು ಮುಚ್ಚಿಯೂಬಿಟ್ಟರು. ಇದೊಂದು ಮಾತ್ರ ಯಾರೂ ಮಾಡಬಾರದಿತ್ತು. ಸಡಿಲವಾಗಿ ತುಂಬಿದ ಬಾವಿಯ ಮೇಲೆ ಪಿಲ್ಲರ್ ನಿಲ್ಲಿಸಿದರೆ ಮಳೆಗಾಲಕ್ಕೆ ಒಂದಿಷ್ಟು ಕುಸಿಯುತ್ತದೆ, ನೆಲದಲ್ಲಿ ಮೊದಲು, ಆಮೇಲೆ ಗೋಡೆಯಲ್ಲಿ ಓರೆ ಬಿರುಕು. ಹಳೆಯ ಸೈಟು ಕೊಂಡು ಕಟ್ಟುವವರು ಪಾಯ ತೆಗೆಯುವ ಮೊದಲು ಹಿತ್ತಲಲ್ಲಿ ಬಾವಿ ಎಲ್ಲಿತ್ತೆಂದು ಪಕ್ಕದ ಮನೆಯ ಹಿರಿಯರನ್ನು ಕೇಳುವುದು ಮಣ್ಣು ಪರೀಕ್ಷೆಯಷ್ಟೇ ಮುಖ್ಯ.

ನಲ್ಲಿ ನೀರು ಬಂದ ಮೇಲೆ ಫ್ಲಶ್ ಬಂತು, ಫ್ಲಶ್ ಬಂದ ಮೇಲೆ ಒಳಚರಂಡಿ ಬೇಕೇ ಬೇಕು. ಕಕ್ಕಸುಗಳೆಲ್ಲ ಹಿಂದೆಯೇ ಇದ್ದವಲ್ಲ, ಹಾಗಾಗಿ ಅನೇಕ ಕಡೆ ಒಳಚರಂಡಿ ಪೈಪು ಹಾಕಿದ್ದೂ ಹಿಂದಿನ ಓಣಿಯಲ್ಲೇ. ಆಗ ಅದು ಸರಿಯಾದ ತೀರ್ಮಾನ. ಪೈಪಿನ ದೂರ ಕಡಿಮೆ, ಮುಂದಿನ ರಸ್ತೆ ಅಗೆಯಬೇಕಿಲ್ಲ.

ತೊಂದರೆ ಶುರುವಾದದ್ದು ಕಕ್ಕಸು ಮನೆಯೊಳಕ್ಕೆ, ಆಮೇಲೆ ಮಹಡಿಗೆ, ಆಮೇಲೆ ಮುಂದಿನ ಕೋಣೆಗೆ ಅಟ್ಯಾಚ್ ಆದಾಗ. ಲೆಕ್ಕ ನೋಡಿ. ನಾಲ್ಕಿಂಚಿನ ಪೈಪಿಗೆ ನಲವತ್ತಕ್ಕೆ ಒಂದರ ಇಳಿಜಾರು ಬೇಕು, ಅಂದರೆ ಪ್ರತಿ ಹತ್ತಡಿಗೆ ಮೂರಿಂಚು. ಮುಂದಿನ ಕೋಣೆಯ ಶೌಚಾಲಯದಿಂದ ಹಿಂದಿನ ಓಣಿಗೆ ನೂರಡಿ ಇದ್ದರೆ ಒಟ್ಟು ಮೂವತ್ತಿಂಚು, ಎರಡೂವರೆ ಅಡಿ ಇಳಿಯಬೇಕು. ಹಳೆಯ ಮ್ಯಾನ್‌ಹೋಲಿನ ಪೈಪು ಅಷ್ಟು ಆಳದಲ್ಲಿ ಇರುವುದೇ ಇಲ್ಲ, ಯಾಕೆಂದರೆ ಅದನ್ನು ಹಾಕಿದವರ ಲೆಕ್ಕದಲ್ಲಿ ಕಕ್ಕಸು ಇದ್ದದ್ದು ಹತ್ತಡಿ ದೂರದಲ್ಲಿ. ಪ್ಲಂಬರ್ ಏನು ಮಾಡುತ್ತಾನೆ? ಇಳಿಜಾರು ಕಡಿಮೆ ಮಾಡುತ್ತಾನೆ. ನೀರು ಮುಂದೆ ಹೋಗುತ್ತದೆ, ಗಟ್ಟಿ ಪದಾರ್ಥ ಹಿಂದೆ ಕೂರುತ್ತದೆ. ಸರಿಯಾದ ದಾರಿ ಎರಡು: ಆರಿಂಚಿನ ಪೈಪು ಹಾಕಿದರೆ ಅರವತ್ತಕ್ಕೆ ಒಂದು ಸಾಕು, ನೂರಡಿಗೆ ಇಪ್ಪತ್ತಿಂಚು. ಇಲ್ಲವೇ ಮುಂದಿನ ರಸ್ತೆಯಲ್ಲೂ ಒಳಚರಂಡಿ ಇದ್ದರೆ ಮುಂಭಾಗದ್ದನ್ನು ಅತ್ತಲೇ ಬಿಡುವುದು. ಯಾವುದಾದರೂ ಇರಲಿ, ಪೈಪು ತಿರುಗುವ ಕಡೆಯೆಲ್ಲ ಚೇಂಬರ್, ಅಂದರೆ ಮುಚ್ಚಳ ತೆಗೆದು ನೋಡುವ ಗುಂಡಿ, ಇರಬೇಕು, ಟೈಲ್ಸ್ ಅಡಿ ಹೂತು ಹಾಕಬಾರದು.

ಇನ್ನೆರಡು ಖಾಯಿಲೆ ಇವೆ. ಒಂದು, ಹಳೆಯ ಸ್ಟೋನ್‌ವೇರ್ ಪೈಪಿನ ಜಾಯಿಂಟು. ಸಣ್ಣ ಬಿರುಕು ಸಾಕು, ಹಿತ್ತಲ ತೆಂಗು, ಓಣಿಯಲ್ಲಿ ತಾನಾಗಿ ಹುಟ್ಟಿದ ಅರಳಿ ಬೇರು ಇಳಿಸುತ್ತವೆ. ವರ್ಷಕ್ಕೆರಡು ಸಲ ಒಂದೇ ಜಾಗದಲ್ಲಿ ಕಟ್ಟಿಕೊಂಡರೆ ಅದು ಕಸವಲ್ಲ, ಬೇರು. ಎರಡನೆಯದು ನಾವೇ ತಂದುಕೊಂಡದ್ದು: ತಾರಸಿಯ ಮಳೆನೀರನ್ನು ಒಳಚರಂಡಿಗೆ ಬಿಡುವುದು. ಮಾಮೂಲಿ ದಿನಕ್ಕೆ ಲೆಕ್ಕ ಹಾಕಿದ ಪೈಪಿಗೆ ಒಂದು ಗಂಟೆಯ ಬಿರುಮಳೆ ಇಡೀ ಬ್ಲಾಕಿನ ತಾರಸಿಗಳಿಂದ ಬಿದ್ದರೆ ಮ್ಯಾನ್‌ಹೋಲ್ ಮುಚ್ಚಳ ಎದ್ದೇಳದೆ ಏನು ಮಾಡೀತು. ಉಕ್ಕುವುದು ಇಳಿಜಾರಿನ ಕೆಳಗಿನ ಮನೆಯ ಬಚ್ಚಲಲ್ಲಿ, ಬಿಟ್ಟವರ ಮನೆಯಲ್ಲಲ್ಲ.

ಮನೆಗಳ ಛಾವಣಿಯ ಬಗ್ಗೆಯೂ ಹೇಳಲೇಬೇಕು, ಯಾಕೆಂದರೆ ಉಳಿದಿರುವ ಹಳೆಯ ಮನೆಗಳು ಬೀಳುತ್ತಿರುವುದು ಬಹುಪಾಲು ಛಾವಣಿಯಿಂದ. ಮಂಗಳೂರು ಹೆಂಚಿನದು ಸುಲಭ, ಒಡೆದ ಹೆಂಚು ಬದಲಾಯಿಸಿದರೆ ಆಯಿತು. ಕಷ್ಟ ಇರುವುದು ಮದ್ರಾಸ್ ತಾರಸಿಯಲ್ಲಿ. ತೇಗದ ಜಂತೆಗಳನ್ನು ಸುಮಾರು ಒಂದೂವರೆ ಅಡಿಗೊಂದರಂತೆ ಇಟ್ಟು, ಅವುಗಳ ಮೇಲೆ ತೆಳು ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ, ಗೋಡೆಗೆ ಓರೆಯಾಗಿ, ಸುಣ್ಣದ ಗಾರೆಯಲ್ಲಿ ಜೋಡಿಸುತ್ತಾರೆ. ಅದು ಹಿಡಿದ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಕಾಂಕ್ರೀಟು ಮೂರು ನಾಲ್ಕಿಂಚು ಹರಡಿ, ಮರದ ಹಲಗೆಯಿಂದ ದಿನಗಟ್ಟಲೆ ಬಡಿಯುವುದು. ಗಾರೆಗೆ ಬೆಲ್ಲ, ಅಳಲೆಕಾಯಿ ನೆನೆಸಿದ ನೀರು. ಮೇಲೆ ಚಪ್ಪಟೆ ಹೆಂಚು.

ಇದು ಸೋರಿದಾಗ ಎಲ್ಲರೂ ಮಾಡುವ ತಪ್ಪು ಮೇಲೆ ಸಿಮೆಂಟು ಬಳಿಯುವುದು. ಸುಣ್ಣ ಬಿಸಿಲಿಗೆ, ಚಳಿಗೆ ಕೊಂಚ ಕೊಂಚ ಅಲುಗಾಡುತ್ತದೆ, ಸಿಮೆಂಟು ಅಲುಗುವುದಿಲ್ಲ, ಬಿರಿಯುತ್ತದೆ. ಕೂದಲೆಳೆ ಬಿರುಕಲ್ಲಿ ಇಳಿದ ನೀರು ಮತ್ತೆ ಆರುವ ದಾರಿ ಇಲ್ಲದೆ ಗೋಡೆಯೊಳಗೆ ಹೂತ ಜಂತೆಯ ತುದಿಗೆ ಹೋಗಿ ನಿಲ್ಲುತ್ತದೆ. ಹೊರಗೆ ಜಂತೆ ಕಲ್ಲಿನ ಹಾಗಿರುತ್ತದೆ, ಗೋಡೆಯ ಒಳಗಿನ ಒಂಬತ್ತಿಂಚು ಮಾತ್ರ ಪುಡಿ. ಪರೀಕ್ಷೆ ಸುಲಭ. ಜಂತೆ ಗೋಡೆ ಸೇರುವಲ್ಲಿ ಸ್ಕ್ರೂಡ್ರೈವರ್ ಒತ್ತಿ, ಅರ್ಧ ಇಂಚು ಒಳಗೆ ಹೋದರೆ ಆ ತುದಿ ಹೋಗಿದೆ. ಇಡೀ ಛಾವಣಿ ಕೀಳಬೇಕಿಲ್ಲ. ಕೆಳಗೆ ಊರೆ ಕೊಟ್ಟು, ಕೊಳೆತ ತುದಿ ಕತ್ತರಿಸಿ, ಗೋಡೆಗೆ ಕಬ್ಬಿಣದ ಆಂಗಲ್ ಕೂರಿಸಿ ಉಳಿದ ಜಂತೆಯನ್ನು ಅದರ ಮೇಲೆ ನಿಲ್ಲಿಸಬಹುದು. ಮೇಲಿನ ಬಿರುಕಿಗೆ ಸುಣ್ಣವೇ ಮದ್ದು, ಜೊತೆಗೆ ಮಳೆನೀರು ಇಳಿಯುವ ದೋಣಿಯ ಬಾಯಲ್ಲಿ ಎಲೆ ಕಟ್ಟಿಕೊಳ್ಳದಂತೆ ಮಳೆಗಾಲಕ್ಕೆ ಮುಂಚೆ ಒಂದು ಸಲ ತಾರಸಿ ಹತ್ತುವುದು.

ಆದರೆ ಮನೆಗಳು ಹೋಗುವುದು ನೀರಿನಿಂದಷ್ಟೇ ಅಲ್ಲ, ಪಾಲಿನಿಂದಲೂ. ಅರವತ್ತಡಿ ಅಗಲ, ನೂರಹತ್ತಡಿ ಉದ್ದದ ಒಂದು ಸೈಟು, ಮೂವರು ಮಕ್ಕಳು ಅಂದುಕೊಳ್ಳಿ. ಉದ್ದಕ್ಕೆ ಸೀಳಿದರೆ ಇಪ್ಪತ್ತಡಿಯ ಮೂರು ಪಟ್ಟಿ. ಎರಡು ಪಕ್ಕ ಮೂರು ಮೂರಡಿ ಬಿಟ್ಟರೂ ಮನೆಗೆ ಉಳಿಯುವುದು ಹದಿನಾಲ್ಕಡಿ, ನಡುವಿನ ಕೋಣೆಗೆ ಹಗಲೇ ದೀಪ ಹಾಕಬೇಕು. ಅಡ್ಡಕ್ಕೆ ಸೀಳಿದರೆ ಹಿಂದಿನ ಪಾಲಿನವನಿಗೆ ರಸ್ತೆಯೇ ಇಲ್ಲ, ಇರುವುದು ಕನ್ಸರ್ವೆನ್ಸಿ. ಅಲ್ಲಿಂದ ಓಣಿಗೆ ಮೊದಲ ಸಲ ಮುಂಬಾಗಿಲು ಬಂತು. ಜಾಡಮಾಲಿಯ ದಾರಿ ಮನೆಯ ವಿಳಾಸವಾಯಿತು. ಫೈರ್ ಎಂಜಿನ್ ತಿರುಗುವುದಿಲ್ಲ, ಮರಳಿನ ಲಾರಿ ಬರುವುದಿಲ್ಲ, ನಕ್ಷೆ ಮಂಜೂರಾತಿಗೆ ಹೋದರೆ ರಸ್ತೆಯ ಅಗಲ ಎಷ್ಟು ಎಂಬ ಪ್ರಶ್ನೆಗೆ ಉತ್ತರ ಇಲ್ಲ. ಇಷ್ಟು ಸಾಲದೆಂಬಂತೆ ಎರಡೂ ಸಾಲಿನವರು ಒಂದೊಂದು ಅಡಿ ಕಾಂಪೌಂಡು ಮುಂದಕ್ಕೆ ತಳ್ಳಿದ್ದಾರೆ. ಸಂಪು, ಜನರೇಟರ್, ಮೆಟ್ಟಿಲು ಓಣಿಗೆ ಇಳಿದಿವೆ. ಕೊಳ್ಳುವವರು ಟೇಪು ಹಿಡಿದು ಅಳೆಯಬೇಕು: ಪತ್ರದಲ್ಲಿ ನೂರಹತ್ತು ಇದ್ದು ನೆಲದಲ್ಲಿ ನೂರಹದಿಮೂರು ಬಂದರೆ ಖುಷಿಪಡುವ ವಿಷಯವಲ್ಲ, ಆ ಮೂರಡಿ ಓಣಿಯದು.

ಬಸವನಗುಡಿಯಲ್ಲೂ ಇದೇ ಕಥೆ, ಓಣಿಗಳು ಅಲ್ಲೂ ಇವೆ. ಜಯನಗರದ ಹೊತ್ತಿಗೆ ಕಾಲ ಬದಲಾಗಿತ್ತು. 1945ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು, 1948ರಲ್ಲಿ ಜಯನಗರ ಶುರುವಾಯಿತು, ಮುಂದಿನ ವರ್ಷ ನಗರ, ದಂಡು (ಕಂಟೋನ್ಮೆಂಟ್) ಎರಡೂ ಸೇರಿ ಒಂದೇ ಕಾರ್ಪೊರೇಷನ್. ಸೈಟಿನ ಮಾತು 30-40, 40-60 ಎಂಬ ಅಂಕಿಗಳಿಗೆ ಬಂದು ನಿಂತಿತು. ಹಿಂದಿನ ಸಾಲಿನ ಗೋಡೆಯೂ ಮುಂದಿನ ಸಾಲಿನ ಗೋಡೆಯೂ ಅಂಟಿಕೊಂಡವು, ನಡುವಿನ ಓಣಿಗೆ ಕೆಲಸವಿರಲಿಲ್ಲ. ಬೆಂಗಳೂರಿನ ಒಂದು ಬಡಾವಣೆ ಯಾವ ಕಾಲದ್ದು ಎಂದು ತಿಳಿಯಲು ಬೋರ್ಡು ಬೇಡ, ಮನೆಯ ಬೆನ್ನು ನೋಡಿದರೆ ಸಾಕು.

ಮಲ್ಲೇಶ್ವರದ ಮುಂಭಾಗ ಬೇಗ ಬದಲಾಯಿತು. ದಕ್ಷಿಣದ ತುದಿಯಲ್ಲಿ ರಾಜಾ ಮಿಲ್ ಇದ್ದ ಜಾಗದಲ್ಲಿ 2010ರಲ್ಲಿ ಮಾಲ್ ಎದ್ದಿತು, 2014ರಲ್ಲಿ ಅದರ ಪಕ್ಕದಲ್ಲೇ ಸಂಪಿಗೆ ರಸ್ತೆ ಮೆಟ್ರೋ ನಿಲ್ದಾಣ. ಹಬ್ಬದ ಹಿಂದಿನ ದಿನ ಎಂಟನೇ ಕ್ರಾಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆಗ ಜನರಿಗೆ ಹಿಂದಿನ ಓಣಿ ನೆನಪಾಗುತ್ತದೆ. ಈಚಿನ ವರ್ಷಗಳಲ್ಲಿ ಕೆಲವು ಓಣಿಗಳ ಕಸ ತೆಗೆಸಿ, ನೆಲಕ್ಕೆ ಕಲ್ಲು ಹಾಸಿ, ಗೋಡೆಗೆ ಚಿತ್ರ ಬರೆಸಿ ನಡೆಯುವ ದಾರಿ ಮಾಡಿದ್ದಾರೆ. ಒಳ್ಳೆಯ ಕೆಲಸ, ಆದರೆ ಕಲ್ಲು ಹಾಸುವಾಗ ಒಂದು ಎಚ್ಚರ ಬೇಕು. ಮ್ಯಾನ್‌ಹೋಲಿನ ಚೌಕಟ್ಟನ್ನೂ ಹೊಸ ನೆಲದ ಮಟ್ಟಕ್ಕೆ ಎತ್ತಿ ಕೂರಿಸಬೇಕು. ಎತ್ತದೆ ಮೇಲೆ ಕಲ್ಲು ಹಾಸಿಬಿಟ್ಟರೆ, ಮುಂದಿನ ಮಳೆಗಾಲದಲ್ಲಿ ಕಟ್ಟಿಕೊಂಡಾಗ ನೀರಿನ ಒತ್ತಡದಿಂದ ಪೈಪು ಬಿಡಿಸುವ ಜೆಟ್ಟಿಂಗ್ ಲಾರಿ ಓಣಿಯೊಳಗೆ ಬರಲಾರದೆ ಬಾಯಲ್ಲೇ ನಿಲ್ಲುತ್ತದೆ, ಪೈಪು ಎಳೆದುಕೊಂಡು ಒಳಗೆ ಬಂದವರಿಗೆ ಮುಚ್ಚಳ ಎಲ್ಲಿದೆಯೆಂದೇ ಗೊತ್ತಾಗುವುದಿಲ್ಲ. ಆಗ ಚಿತ್ರದ ಗೋಡೆಯ ಬುಡದಿಂದ ಒಂದೊಂದೇ ಕಲ್ಲು ಕಿತ್ತು ಹುಡುಕಬೇಕು. ಮುಚ್ಚಿದ ಕಿಂಡಿ ಎಲ್ಲಿದೆಯೋ ಅದರ ಎದುರಿಗೇ ಮೊದಲು ಕೀಳುವುದು ಒಳ್ಳೆಯದು, ಹಳೆಯ ಚೇಂಬರ್ ಸಾಮಾನ್ಯವಾಗಿ ಅಲ್ಲೇ ಇರುತ್ತದೆ.